ದ್ರಾಕ್ಷಿ ಬೀಜ ನುಂಗಿದರೆ ಅಪಾಯವೇ?

ಪ್ರಶ್ನೆ: ದ್ರಾಕ್ಷಿಯನ್ನು ಬೀಜಸಮೇತ ತಿನ್ನಬಹುದೇ? ಹಣ್ಣಿನ ಬೀಜದ ತಿರುಳು ಕ್ಯಾನ್ಸರ್ ವಾಸಿ ಮಾಡುತ್ತದೆಯೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಚಿಕ್ಕಬಳ್ಳಾಪುರದ ಸುತ್ತಮುತ್ತ ಬೆಳೆಯುವ, 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿಯ ಬೀಜ ಒಳಹೋದರೆ ಭಯವಿಲ್ಲ. ಅಗಿದರೆ ಒಗರು, ನುಂಗಿದರೆ ಹಾಗೇ ಹೊರಬರುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಬೀಜ ತೆಗೆದು ಕೊಡಿ.

ಕ್ಯಾನ್ಸರ್ ವಾಸಿ ಮಾಡುತ್ತದೆ ಎನ್ನಲಾಗುವ ಏಪ್ರಿಕಾಟ್‌ನ ಕಹಿ ತಿರುಳಿನ ಮಾತೇ ಬೇರೆ. ಅದನ್ನು ಅಗಿದಾಗ ಅದರಲ್ಲಿರುವ ಅಮಿಗ್ಡಲಿನ್ ಎಂಬ ವಸ್ತು ಒಡೆದು ಸಯನೈಡ್ ಹೊರಬರುತ್ತದೆ. ದೊಡ್ಡವರಿಗೂ ಮೂರು ಸಣ್ಣ ತಿರುಳು ದಾಟಿದರೆ ಸುರಕ್ಷಿತ ಮಿತಿ ಮೀರುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿತು. ಅಮಿಗ್ಡಲಿನ್ ಅನ್ನು ‘ಬಿ17’ ಎಂದು ಕರೆದರೂ ಅದು ವಿಟಮಿನ್ ಅಲ್ಲ, ಕ್ಯಾನ್ಸರ್‌ಗೆ ಮದ್ದೂ ಅಲ್ಲ.

ಹಾಗೆಯೇ, ಮದ್ದೆಂದು ನೇರಳೆ ಬೀಜದ ಪುಡಿ ತಿನ್ನುವ ಸಕ್ಕರೆ ಕಾಯಿಲೆಯವರು ವೈದ್ಯರಿಗೆ ತಿಳಿಸಿ; ಅದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ.