ಹೆಲ್ಮೆಟ್ಟಿನ ಹಿಂದೆ ಸ್ಪೇನ್!

ಕಾಮಿಕ್ಸ್ ನಾಯಕ ಜಡ್ಜ್ ಡ್ರೆಡ್ ಅಪ್ಪಟ ಬ್ರಿಟಿಷ್ ಸರಕು ಅಂತ ನೀವೂ ನಂಬಿದ್ದಿರಾ? ಲಂಡನ್ನಿನ '2000 ಎಡಿ' ವಾರಪತ್ರಿಕೆಯಲ್ಲಿ ಹುಟ್ಟಿ, ಹಾಲಿವುಡ್‌ಗೆ ಹೋಗಿ ಸ್ಟಾಲೋನ್ ಮೈಮೇಲೂ ಏರಿಬಂದ ಆ ವೇಷ, ಆ ಹೆಲ್ಮೆಟ್ಟು, ಆ ಬೂಟು ಎಲ್ಲವೂ ಮೊದಲು ಮೂಡಿದ್ದು ಸ್ಪೇನಿನವನೊಬ್ಬನ ಕೈಯಲ್ಲಿ! ಹೆಸರು ಕಾರ್ಲೋಸ್ ಎಸ್ಕೆರ್ರಾ. 1947ರಲ್ಲಿ ಹುಟ್ಟಿದ್ದು ಜರಾಗೋಜಾ ಸೀಮೆಯ ಇಬ್ದೆಸ್ ಎಂಬ ಊರಲ್ಲಿ. ಬಾರ್ಸಿಲೋನಾದಲ್ಲಿ ಕೌಬಾಯ್ ಕಥೆ, ಯುದ್ಧದ ಕಥೆಗಳಿಗೆ ಚಿತ್ರ ಬರೆಯುತ್ತ ಕೈ ಪಳಗಿಸಿಕೊಂಡ. ಆಮೇಲೆ ಬ್ರಿಟಿಷ್ ವಾರಪತ್ರಿಕೆಗಳ ಕೆಲಸ ಸಿಕ್ಕಿತು.

ಇನ್ನು ಮುಂದಿನದು ಕೇಳಿ. ಕಥೆಗಾರ ಜಾನ್ ವ್ಯಾಗ್ನರ್ 'ಡೆತ್ ರೇಸ್ 2000' ಸಿನಿಮಾದ ಕಪ್ಪು ಚರ್ಮದ ದಿರಿಸಿನ ಚಿತ್ರ ಕೊಟ್ಟು, ಡ್ರೆಡ್‌ನ ವೇಷ ಈ ಥರ ಇರಲಿ ಅಂದ. ಎಸ್ಕೆರ್ರಾ ಸುಮ್ಮನಿದ್ದಾನೆಯೇ? ಜಿಪ್ಪು ಸೇರಿಸಿದ, ಸರಪಳಿ ನೇತುಹಾಕಿದ, ಮೊಣಕಾಲಿಗೆ ದಪ್ಪ ಕವಚ ತೊಡಿಸಿದ, ಬಲಭುಜದ ಮೇಲೊಂದು ಭಾರೀ ಹದ್ದನ್ನು ಕೂರಿಸಿದ! ಇದೇನು ಸ್ಪೇನಿನ ಕಡಲ್ಗಳ್ಳನೇ ಅಂತ ವ್ಯಾಗ್ನರ್‌ಗೆ ಮುಖ ಸಿಂಡರಿಸುವಂತಾಯಿತಂತೆ. ಆ ಹದ್ದು ಎಲ್ಲಿಂದ ಹಾರಿಬಂತು ಗೊತ್ತೇ? ಫ್ರಾಂಕೋನ ಸ್ಪೇನಿನಿಂದ. ಸರ್ವಾಧಿಕಾರಿ ಸತ್ತದ್ದು 1975ರಲ್ಲಿ. ಎಸ್ಕೆರ್ರಾ ಬೆಳೆದದ್ದೆಲ್ಲ ಆ ಆಳ್ವಿಕೆಯ ಲಾಂಛನದ ಕೆಳಗೇ. ತಾನೇ ಪೊಲೀಸು, ತಾನೇ ನ್ಯಾಯಾಧೀಶ ಆದ ಡ್ರೆಡ್‌ಗೆ ಇದಕ್ಕಿಂತ ತಕ್ಕ ಒಡವೆ ಯಾವುದಿದ್ದೀತು!

ಅಷ್ಟೇ ಅಲ್ಲ. ಕಥೆ ನಡೆಯಬೇಕಿದ್ದುದು ಸ್ವಲ್ಪವೇ ಮುಂದಿನ ಕಾಲದ ನ್ಯೂಯಾರ್ಕಿನಲ್ಲಿ. ಎಸ್ಕೆರ್ರಾ ಹಿನ್ನೆಲೆಗೆಂದು ಬರೆದ ಕಟ್ಟಡಗಳು ಎಷ್ಟು ವಿಚಿತ್ರ, ಎಷ್ಟು ಎತ್ತರ ಇದ್ದವೆಂದರೆ, ಸಂಪಾದಕ ಪ್ಯಾಟ್ ಮಿಲ್ಸ್ ಕಥೆಯ ಕಾಲವನ್ನೇ ಇನ್ನಷ್ಟು ಮುಂದಕ್ಕೆ ದೂಡಿದ. ಡ್ರೆಡ್‌ನ ನಗರ ಮೆಗಾ ಸಿಟಿ ಒನ್ ಕಣ್ಬಿಟ್ಟದ್ದು ಹಾಗೆ. ಚಿತ್ರಕಾರನ ಕುಂಚಕ್ಕೆ ಕಥೆ ಮಣಿಯಿತು!

ಆದರೆ 1977ರ ಮಾರ್ಚ್ 5ರ ಸಂಚಿಕೆಯಲ್ಲಿ ಡ್ರೆಡ್ ಮೊದಲ ಬಾರಿ ಅಚ್ಚಾದಾಗ ಚಿತ್ರಗಳು ಮೈಕ್ ಮೆಕ್‌ಮಹೋನ್‌ನವು. ಎಸ್ಕೆರ್ರಾ ಸಿಟ್ಟಾಗಿ ಎದ್ದುಹೋದ. ಯಾರಿಗೆ ತಾನೇ ಉರಿಯುವುದಿಲ್ಲ? 1978ರಲ್ಲಿ ವ್ಯಾಗ್ನರ್ ಜೊತೆಗೇ ಇನ್ನೊಂದು ಲೋಕ ಕಟ್ಟಿದ: 'ಸ್ಟ್ರಾಂಷಿಯಂ ಡಾಗ್', ಬಿಳಿಗಣ್ಣಿನ ಬೇಟೆಗಾರ ಜಾನಿ ಆಲ್ಫಾನ ಕಥೆ. ಪುಟ ಹತ್ತಿರ ಹಿಡಿದು ನೋಡಿ, ಆಕೃತಿಗಳ ಸುತ್ತ ದಪ್ಪನೆಯ, ಅಲ್ಲಲ್ಲಿ ತುಂಡಾದ ಗೆರೆ ಕಾಣುತ್ತದೆ. ಸಹಿಯೇ ಬೇಡ, ಆ ಗೆರೆ ಸಾಕು.

1982ರಲ್ಲಿ ಡ್ರೆಡ್ ಬಳಿಗೆ ವಾಪಸ್ಸು, ಅದೂ 'ದಿ ಅಪಾಕಲಿಪ್ಸ್ ವಾರ್'ಗೆ! ಇಡೀ ಮಹಾಯುದ್ಧವನ್ನು ಒಬ್ಬನೇ ಬರೆದ. ಕೊನೆಗೆ ಡ್ರೆಡ್ ಒಂದು ಗುಂಡಿ ಒತ್ತುತ್ತಾನೆ. ಶತ್ರುನಗರದ 50 ಕೋಟಿ ಜನ ಬೂದಿ.

ಇಷ್ಟು ಹೆಣ ಉರುಳಿಸಿದ ಮನುಷ್ಯ, ಜಾನಿ ಆಲ್ಫಾನನ್ನು ಕೊಲ್ಲಬೇಕೆಂದು ತೀರ್ಮಾನವಾದಾಗ ಬರೆಯಲಾರೆ ಅಂದುಬಿಟ್ಟ! 1990ರಲ್ಲಿ ಆ ಸಾವನ್ನು ಬೇರೆ ಕೈಗಳು ಬರೆದವು. ಹತ್ತು ವರ್ಷದ ಬಳಿಕ ವ್ಯಾಗ್ನರ್ ಜಾನಿಯನ್ನು ಮತ್ತೆ ಪುಟಕ್ಕೆ ಕರೆತಂದ. ಚಿತ್ರ ಬರೆದವನು? ಇನ್ನಾರು, ಎಸ್ಕೆರ್ರಾನೇ. 2018ರ ಅಕ್ಟೋಬರ್‌ನಲ್ಲಿ, 70ರ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅವನನ್ನು ಒಯ್ಯಿತು. ಜಾನಿಯನ್ನು ಮಾತ್ರ ಅವನು ಕೊಲ್ಲಲಿಲ್ಲ.