ಗಾಂಧಾರ ಬಿಟ್ಟ ಪಿಯಾನೊ

ಹಾರ್ಮೋನಿಯಂ ಹಿಡಿದು ಬರುವ ಶಿಷ್ಯರನ್ನು ನಾನು ಮೊದಲು ತಂಬೂರಿಯ ಮುಂದೆ ಕೂರಿಸುತ್ತೇನೆ. ಜವಾರಿ, ಅಂದರೆ ತಂತಿಗೆ ಝೇಂಕಾರ ಕೊಡುವ ಹದ, ಸರಿಯಿದ್ದರೆ ಖರಜದ (ಮಂದ್ರ ಷಡ್ಜದ) ತಂತಿಯೊಳಗಿಂದ ಯಾರೂ ನುಡಿಸದ ಗಾಂಧಾರ ತಾನಾಗಿ ಏಳುತ್ತದೆ. ಹಾರ್ಮೋನಿಯಂನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಏರು. ಅಕ್ಕಪಕ್ಕದ ಎರಡು ಮನೆಗಳ (ಕೀಲಿಗಳ) ಅಂತರದಲ್ಲಿ ನೂರನೇ ಒಂದು ಪಾಲು ಒಂದು ಸೆಂಟ್. ಪಿಯಾನೊದಲ್ಲೂ ಹೀಗೆಯೇ. ಸಪ್ತಕವನ್ನು 12 ಸಮಪಾಲು ಮಾಡಿದ್ದರಿಂದ ಯಾವ ಮನೆಯನ್ನಾದರೂ ಷಡ್ಜ ಮಾಡಿಕೊಳ್ಳಬಹುದು, ಆದರೆ ಉಳಿದ ಸ್ವರಗಳೆಲ್ಲ ತಮ್ಮ ಜಾಗದಿಂದ ತುಸು ಸರಿದಿರುತ್ತವೆ.

ಅಮೆರಿಕದ ಸಂಗೀತ ರಚನಕಾರ ಲಾ ಮಾಂಟೆ ಯಂಗ್ 1964ರಲ್ಲಿ ಪಿಯಾನೊದ ಈ ಕಟ್ಟನ್ನೇ ಬಿಚ್ಚಿದರು. ಆಗ ಶುರುವಾದ ‘ದಿ ವೆಲ್-ಟ್ಯೂನ್ಡ್ ಪಿಯಾನೊ’ ಒಬ್ಬರೇ ನುಡಿಸುವ ಕೃತಿ. 1981ರ ನ್ಯೂಯಾರ್ಕ್ ಧ್ವನಿಮುದ್ರಣ ಐದು ತಾಸು ಓಡುತ್ತದೆ, 1987ರದು ಆರು ತಾಸು ದಾಟುತ್ತದೆ. ಕೆಲವೇ ಸ್ವರ, ಬೇಕಾದಷ್ಟು ಹೊತ್ತು: ಮಿನಿಮಲಿಸಂ ಪಂಥದ ಮೂಲಪುರುಷರಲ್ಲಿ ಯಂಗ್ ಒಬ್ಬರು. ಗೊತ್ತಾದ ಸ್ವರಗುಚ್ಛಗಳನ್ನು ಹಿಡಿದು, ಆ ಹೊತ್ತಿಗೆ ಹೊಳೆದಂತೆ ಬಡ್ಹತ್ (ಹಂತಹಂತದ ವಿಸ್ತಾರ) ಮಾಡುತ್ತಾರೆ. ವಿಲಂಬಿತ ಖಯಾಲ್ ಕೇಳಿ ಪಳಗಿದವರಿಗೆ ಈ ನಡೆ ಹೊಸದೆನಿಸದು.

ಹೊಸದು ಶ್ರುತಿ. ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು, ಮೂರು, ಐದು, ಏಳು ಪಾಲುಗಳಾಗಿಯೂ ಕಂಪಿಸುತ್ತದೆ. ಮೂರರಿಂದ ಪಂಚಮ, ಐದರಿಂದ ಗಾಂಧಾರ. ಯಂಗ್ ಐದನ್ನು ಪೂರ್ತಿ ಕೈಬಿಟ್ಟು ಏಳನ್ನು ಹಿಡಿದರು. ತಂಬೂರಿಯ ಅತಿ ಸಿಹಿ ಸ್ವರಕ್ಕೇ ಇಲ್ಲಿ ಜಾಗವಿಲ್ಲ! ಬದಲಿಗೆ ಬರುವ ನಿಷಾದ, ಮಾಮೂಲಿ ಪಿಯಾನೊದ ಕೋಮಲ ನಿಷಾದಕ್ಕಿಂತ 31 ಸೆಂಟ್ ಇಳಿದದ್ದು. ನಮ್ಮ 22 ಶ್ರುತಿಗಳ ರೂಢಿಯ ಪಟ್ಟಿಯಲ್ಲೂ ಅದು ಸಿಗದು. ಮೊದಲು ಅಪಸ್ವರವೆನಿಸಿ, ಆಮೇಲೆ ಅಲುಗದೆ ನಿಂತದ್ದು ಗೊತ್ತಾಗುತ್ತದೆ. ಯಂಗ್ ‘ಮೇಘ’ ಎಂದು ಕರೆಯುವ ಭಾಗಗಳಲ್ಲಂತೂ ಬೆರಳು ಅವವೇ ಕೀಲಿಗಳ ಮೇಲೆ ಅತಿವೇಗದಲ್ಲಿ ಓಡಿ, ಬಿಡಿ ಸ್ವರಗಳು ಕರಗಿ, ಯಾರೂ ಒತ್ತದ ಮಂದ್ರದ ಗುಂಯ್ಕಾರ ಕೇಳುತ್ತದೆ.

1970ರಲ್ಲಿ ಯಂಗ್ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಹಾಡಿದ್ದೂ ಇದೇ ಘರಾಣೆ. ಹಾಗೆಂದು ಈ ಪಿಯಾನೊವನ್ನು ನಮ್ಮದೆಂದು ಬೀಗಬೇಕಿಲ್ಲ. ಕೃತಿ ಶುರುವಾದದ್ದು ಗುರು ಸಿಗುವುದಕ್ಕೆ ಆರು ವರ್ಷ ಮೊದಲೇ. ಶುದ್ಧ ಶ್ರುತಿಯ ಹಂಬಲವೇ ಅವರನ್ನು ಕಿರಾನಾದ ಬಳಿಗೆ ತಂದಿತೆಂದು ನನ್ನ ನಂಬಿಕೆ.

ಕೇಳುವುದಾದರೆ 1981ರ ಮುದ್ರಣದಿಂದ ಆರಂಭಿಸಿ. ಅರ್ಧ ತಾಸಾದರೂ ಕೊಡಿ, ಕಿವಿ ಹಳೆಯ ರೂಢಿ ಬಿಡಲು ಅಷ್ಟು ಹೊತ್ತು ಬೇಕು.