ವಿಜಯಪುರ ನಗರದ ವಸತಿ ಮತ್ತು ಕೈಗಾರಿಕಾ ಬೆಳವಣಿಗೆ

ವಿಜಯಪುರವು (2014ರ ವರೆಗೆ ಬಿಜಾಪುರ) ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಆದಿಲ್ ಶಾಹಿಗಳ ರಾಜಧಾನಿಯಾಗಿದ್ದ ಈ ನಗರವು 1686ರಲ್ಲಿ ಮೊಘಲರ ವಶವಾದ ಬಳಿಕ ಕ್ಷೀಣಿಸಿತು. 1884ರಲ್ಲಿ ರೈಲುಮಾರ್ಗ ಬಂದಿತು. 1885ರಲ್ಲಿ ಜಿಲ್ಲಾಡಳಿತವು ಕಲಾದಗಿಯಿಂದ ಇಲ್ಲಿಗೆ ಸ್ಥಳಾಂತರಗೊಂಡಿತು. ಆ ನಂತರ ನಗರವು ಮತ್ತೆ ಬೆಳೆಯತೊಡಗಿತು.

ವಸತಿ

1956ರಲ್ಲಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ಸೈನಿಕ ಶಾಲೆಯೂ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯವೂ ಸ್ಥಾಪನೆಯಾದವು. ಹೊಸ ಬಡಾವಣೆಗಳು ಕೋಟೆಗೋಡೆಯ ಹೊರಗೂ ಹರಡಿದವು. 2011ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 3,27,427. ಕೋಟೆಯ ಒಳಭಾಗದಲ್ಲಿ ಮನೆಗಳ ನಡುವೆಯೇ ಸಂರಕ್ಷಿತ ಸ್ಮಾರಕಗಳಿವೆ. 2010ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯಿದೆಯು ಇವುಗಳ ಸುತ್ತ 100 ಮೀಟರ್ ವ್ಯಾಪ್ತಿಯಲ್ಲಿ ಹೊಸ ಕಟ್ಟಡಗಳನ್ನು ನಿಷೇಧಿಸುತ್ತದೆ. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ನಂತರದ 200 ಮೀಟರ್ ನಿಯಂತ್ರಿತ ಪ್ರದೇಶವಾಗಿದೆ. ಹೀಗಾಗಿ ಸ್ಮಾರಕಗಳ ರಕ್ಷಣೆ ಮತ್ತು ನಿವಾಸಿಗಳ ವಸತಿ ಅಗತ್ಯಗಳು ಇಲ್ಲಿ ಪರಸ್ಪರ ಎದುರಾಗುತ್ತವೆ.

ಕೈಗಾರಿಕೆ ಮತ್ತು ಸುತ್ತಲಿನ ಪಟ್ಟಣಗಳು

ಹತ್ತಿ ಹಿಂಜುವಿಕೆ ಮತ್ತು ಎಣ್ಣೆಕಾಳುಗಳ ವ್ಯಾಪಾರ ಇಲ್ಲಿನ ಹಳೆಯ ಉದ್ಯಮಗಳು. ಬರಗಾಲದಲ್ಲಿ ಕೂಲಿಕಾರರು ಮಹಾರಾಷ್ಟ್ರ ಮತ್ತು ಗೋವಾಗಳಿಗೆ ಗುಳೆ ಹೋಗುವುದುಂಟು. ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ನಗರದ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದ ತಿಕೋಟಾ ಮತ್ತು ನೈಋತ್ಯದ ಬಬಲೇಶ್ವರ 2018ರಲ್ಲಿ ತಾಲ್ಲೂಕು ಕೇಂದ್ರಗಳಾದವು. ಈ ಭಾಗದಲ್ಲಿ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರಗಳಲ್ಲಿ ಒಣಗಿಸಿ ಒಣದ್ರಾಕ್ಷಿ ತಯಾರಿಸಲಾಗುತ್ತದೆ. ಇದರ ಬಹುಭಾಗ ಸಾಂಗ್ಲಿ ಹಾಗೂ ತಾಸಗಾಂವ್ ಮಾರುಕಟ್ಟೆಗಳಿಗೂ ಹೋಗುತ್ತದೆ. ಉನ್ನತ ಶಿಕ್ಷಣ, ಚಿಕಿತ್ಸೆ ಮತ್ತು ವ್ಯಾಪಾರಕ್ಕಾಗಿ ಎರಡೂ ಪಟ್ಟಣಗಳ ಜನರು ಇಂದಿಗೂ ವಿಜಯಪುರವನ್ನೇ ಅವಲಂಬಿಸಿದ್ದಾರೆ.